ಮಾವನ ಬೆಂಕಿಪೊಟ್ಟಣ

ನಮ್ಮ ಸೋದರಮಾವ ಬೀಡಿ ಸೇದುವುದಿಲ್ಲ. ದೇವರ ದೀಪ ಹಚ್ಚುವುದೂ ಅತ್ತೆಯ ಪಾಲಿನ ಕೆಲಸ. ಆದರೂ ಅವರ ಜೇಬಿನಲ್ಲಿ ಸದಾ ಒಂದು ಬೆಂಕಿಪೊಟ್ಟಣ! ಅವರು ಬರುವ ಮದುವೆಗೆ ಹತ್ತಿ ಸೀರೆ ಉಟ್ಟು ಹೋಗುವುದು ಕ್ಷೇಮ.

ಮಾವ ಕೊಳ್ಳೇಗಾಲದಲ್ಲಿ ಆಯುಷ್ಯವೆಲ್ಲ ರೇಷ್ಮೆ ನೇಯ್ದವರು. ನೂಲಿನ ಎಳೆ ಸುಟ್ಟು ಮೂಸಿದರೆ ಕೂದಲು ಸುಟ್ಟ ವಾಸನೆ ಬರಬೇಕು, ಆಗ ಅದು ಅಸಲಿ. ಈ ಪರೀಕ್ಷೆ ಮಗ್ಗದ ಮನೆಯಲ್ಲೇ ಉಳಿದಿದ್ದರೆ ಯಾರಿಗೇನು ತೊಂದರೆ? ಕೆಲವು ವರ್ಷಗಳ ಹಿಂದೆ ನನ್ನ ಮದುವೆಯಲ್ಲಿ ಬೀಗಿತ್ತಿಯ ಸೆರಗಿನಿಂದ ಒಂದೆಳೆ ಕಿತ್ತು, ಛತ್ರದ ಹಿಂದೆ ಸುಟ್ಟು ಬಂದು, ಇನ್ನೇನು ಧಾರೆ ಅನ್ನುವಾಗ ನನ್ನ ಕಿವಿಯಲ್ಲಿ ಉಸುರಿದರು: "ಪಾಲಿಸ್ಟರ್ ಕಣವ್ವ. ಇನ್ನೂ ಟೈಮದೆ, ಯೋಚ್ನೆ ಮಾಡು."

ಬಸ್ಸಿನ ಬೋರ್ಡನ್ನಾದರೂ ನಂಬುತ್ತಾರೆಯೇ? ಒಮ್ಮೆ ಮಾದಪ್ಪನ ಬೆಟ್ಟಕ್ಕೆ ಹೊರಟವರು ಡ್ರೈವರು, ಕಂಡಕ್ಟರು, ಪಕ್ಕದ ಮುದುಕಿ ಎಲ್ಲರನ್ನೂ ಕೇಳಿಯೂ ಸಮಾಧಾನವಾಗದೆ ಹನೂರಿನಲ್ಲಿ ಇಳಿದು, ಹಿಂದಿನ ಬೋರ್ಡು ಓದಲು ಹೋದರು. ಬಸ್ಸು ಬೆಟ್ಟಕ್ಕೇ ಹೋಯಿತು. ಮಾವ ಹನೂರಿನಲ್ಲೇ ಉಳಿದರು.

ಇಂಥವರ ಕಣ್ಣು ಒಂದು ದಿನ ನನ್ನ ಕೆಲಸದ ಮೇಲೂ ಬಿತ್ತು. ನಾನು ರೇಷ್ಮೆಹುಳುಗಳ ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಹುಳುವಿನ ರಕ್ತದಲ್ಲಿ, ಒಳಗೆ ನುಸುಳಿದ ಬ್ಯಾಕ್ಟೀರಿಯಾವನ್ನು ಕಂಡೊಡನೆ ಗುರುತು ಹಿಡಿಯುವ ಒಂದು ಪ್ರೋಟೀನ್ ಇದೆ. ಆ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುವ ಆಂಟಿಬಾಡಿಯನ್ನು ಪುಟ್ಟ ಸೀಸೆಯಲ್ಲಿ ತರಿಸುತ್ತೇವೆ. ಅದು ಅಂಟಿದ ಕಡೆ ಪರೀಕ್ಷೆಯ ಚಿತ್ರದಲ್ಲಿ ಕಪ್ಪು ಗೆರೆ ಮೂಡುತ್ತದೆ. ಆ ಗೆರೆಗಳ ಮೇಲೇ ನನ್ನ ಪಿಎಚ್‌ಡಿ ನಿಂತಿತ್ತು. ಸೋಮವಾರ ಮಹಾಪ್ರಬಂಧ ಒಪ್ಪಿಸಬೇಕು, ಶುಕ್ರವಾರ ಮಾವನಿಗೆ ಜಂಬದಿಂದ ಗೆರೆಗಳ ಚಿತ್ರ ತೋರಿಸಿದೆ.

ಅದು ಆ ಪ್ರೋಟೀನಿಗೇ ಅಂಟಿದೆ ಅಂತ ಯಾರು ಹೇಳಿದರು ಎಂದು ಕೇಳಿದರು. ಸೀಸೆಯ ಮೇಲೆ ಬರೆದಿದೆ ಎಂದೆ. ಬೀಗಿತ್ತಿಯ ಸೀರೆಯ ಮೇಲೂ ಅಸಲಿ ರೇಷ್ಮೆ ಅಂತ ಬರೆದಿತ್ತು ಎಂದರು! ಆಮೇಲೆ ಮೆಲ್ಲಗೆ, "ಆ ಪ್ರೋಟೀನೇ ಇಲ್ದಿರೋ ಉಳದ ರಕ್ತಕ್ಕೆ ಆಕಿ ನೋಡಿದ್ಯಾ? ಅಲ್ಲೂ ಗೆರೆ ಬಂದ್ರೆ ಏನ್ ಮಾಡೀಯೆ?"

ಮೈಯೆಲ್ಲ ಉರಿಯಿತು. ಏಕೆಂದರೆ ಅಂಥ ತಳಿಯ ರಕ್ತ ನಮ್ಮ ಫ್ರೀಜರಿನಲ್ಲೇ ಇತ್ತು. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಮುಂದೂಡಿದವಳು ನಾನೇ.

ಶನಿವಾರ ಹಾಕಿ ನೋಡಿದೆ. ಗೆರೆ ಬಂತು, ಅದೂ ದಪ್ಪಗೆ. ಇಷ್ಟು ದಿನ ಆ ಆಂಟಿಬಾಡಿ ಬೇರೆ ಯಾವುದಕ್ಕೋ ಅಂಟಿಕೊಂಡು ನನ್ನನ್ನು ಕುಣಿಸಿತ್ತು. ಒಂದಷ್ಟು ಹೊತ್ತು ಅಳುತ್ತ ಕೂತೆ. ಪ್ರಬಂಧ ಒಪ್ಪಿಸುವುದಿಲ್ಲ ಎಂದು ಗೈಡಿಗೆ ತಿಳಿಸಿ, ಸೀದಾ ಮಾವನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ.

ಈಗ ಬೀಗುತ್ತಾರೆ ಎಂದುಕೊಂಡಿದ್ದೆ. ಆದರೆ ಮಾವ, ಅತ್ತೆ ಒಳಗಿದ್ದಾರೆಯೇ ಎಂದು ನೋಡಿಕೊಂಡು, ಹೊಸದಾಗಿ ತಂದ ನೂಲಿನ ಒಂದೆಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ನನ್ನ ಮೂಗಿನ ಹತ್ತಿರ ಹಿಡಿದರು.

"ನೀನೇ ಮೂಸಿ ಏಳವ್ವ. ಓದ್ವರ್ಷ ಜ್ವರ ಬಂದ್ಮೇಲೆ ನಂಗೆ ಯಾವ ವಾಸ್ನೆನೂ ತಿಳೀತಿಲ್ಲ. ಯಾರ್ಗೂ ಏಳಿಲ್ಲ. ನಿಂದೇ ಸುಳ್ಳು ಅಂತ ನೀನು ಒಪ್ಕಂಡೆ ನೋಡು, ಅದ್ಕೇ ನಿನ್ನ ಕೇಳ್ತಾವ್ನಿ."

ಕಣ್ಣು ಮುಚ್ಚಿ ಮೂಸಿದೆ. ಕೂದಲು ಸುಟ್ಟ ವಾಸನೆ.

"ಅಸಲಿ, ಮಾವ."

ಮಾವ ಎರಡನೇ ಕಡ್ಡಿ ಗೀರಲಿಲ್ಲ. ನೂಲು ಎತ್ತಿಕೊಂಡು ಮಗ್ಗದ ಕಡೆಗೆ ನಡೆದರು.