ಮಗಳ ಜೊತೆ ಒಳಗೆ ಹೋಗಲೆಂದು ಬರೆದ ಪರೀಕ್ಷೆಯಲ್ಲಿ ಸಿಕ್ಕ ಸೀಟನ್ನು ಬಿಟ್ಟುಕೊಡುವ ಕುರಿತು

ಇಂದ,
ಪಾಲ್ಮಿರಾ ಕ್ವಾರ್ತಾ, ವಯಸ್ಸು ೫೨,
ಗುಮಾಸ್ತೆ, ಭೂದಾಖಲೆ ಕಚೇರಿ, ಬ್ರಿಂದಿಸಿ.

ಗೆ,
ಮುಖ್ಯಸ್ಥರು,
ವೈದ್ಯಕೀಯ ಪ್ರವೇಶ ವಿಭಾಗ, ಲೆಚ್ಚೆ.

ವಿಷಯ: ಕ್ರಮಾಂಕ ೨೯೮ರ ಸೀಟನ್ನು ತ್ಯಜಿಸಲು ಕಾರಣ ತಿಳಿಸುವ ಬಗ್ಗೆ.

ಉಲ್ಲೇಖ: ೧. ತಮ್ಮ ನಮೂನೆಯ ಏಳನೇ ಕಲಂ: “ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಸ್ಥಳ ಸಾಲದಿದ್ದರೆ ಪ್ರತ್ಯೇಕ ಹಾಳೆ ಲಗತ್ತಿಸಿ.”
೨. ಸೋಮವಾರ ತಮ್ಮ ಕೌಂಟರಿನ ಶ್ರೀ ಒರೊಂಜೊ ಅವರೊಡನೆ ನಡೆದ ಮಾತುಕತೆ.

ಮಾನ್ಯರೇ,

೧. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಒಂದೂಮುಕ್ಕಾಲಿಗೆ, ನನ್ನ ಮಗಳು ನೊಯೆಮಿಯ ಕೋಣೆಯಿಂದ ಬಣ್ಣದ ಪೆನ್ನಿನ ಮುಚ್ಚಳ ತೆಗೆಯುವ ಟಕ್ ಎಂಬ ಸದ್ದು ಕೇಳಿಸಿತು. ಮುಚ್ಚಳ ಹಾಕುವ ಸದ್ದು ಬರಲಿಲ್ಲ. ನಲವತ್ತು ನಿಮಿಷ ಕಾದು, ಎದ್ದು ಹೋಗಿ ನೋಡಲಾಗಿ, ಅವಳು ತಮ್ಮ ಪ್ರವೇಶ ಪರೀಕ್ಷೆಯ ಹಳೆಯ ಗದ್ಯಭಾಗವೊಂದನ್ನು ಮೊದಲ ಪದದಿಂದ ಕೊನೆಯ ಪದದವರೆಗೆ ಹಳದಿ ಮಾಡಿದ್ದಳು.

“ಮುಖ್ಯವಾದದ್ದಕ್ಕೆ ಮಾತ್ರ ಬಣ್ಣ ಹಾಕು ಅಂದಿದಾರೆ ಅಮ್ಮ. ಯಾವುದು ಮುಖ್ಯ ಅಲ್ಲ ಅಂತ ನಾನು ಹೇಗೆ ಹೇಳ್ಲಿ?”

ಜೀವಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಅವಳಿಗೆ ತೊಂದರೆ ಇರಲಿಲ್ಲ. ಓದಿ ಅರ್ಥಮಾಡಿಕೊಳ್ಳುವ ಏಳು ಪ್ರಶ್ನೆಗಳಲ್ಲಿ ಮಾತ್ರ ಎರಡೇ ಸರಿಯಾಗುತ್ತಿದ್ದವು.

೨. ನಾನು ಸಾಹಿತ್ಯದ ಪದವೀಧರೆ. ಸದರಿ ಪದವಿ ಭೂದಾಖಲೆ ಕಚೇರಿಯಲ್ಲಿ ಇದುವರೆಗೆ ಯಾವ ಕೆಲಸಕ್ಕೂ ಬೇಕಾಗಿರದ ಕಾರಣ, ಮಗಳಿಗೆ ನಾನೇ ಕಲಿಸುವುದೆಂದು ತೀರ್ಮಾನವಾಯಿತು. ದಿನವೂ ಊಟವಾದ ಮೇಲೆ ಒಂದು ಪಠ್ಯ. ಮಾತ್ರೆ ಡಬ್ಬಿಯೊಳಗಿನ ಚೀಟಿ, ಚರ್ಚಿನ ವಾರಪತ್ರ, ನಮ್ಮ ಕಟ್ಟಡದ ನಿವಾಸಿಗಳ ಸಭೆಯ ನಡವಳಿ, ಕೈಗೆ ಸಿಕ್ಕಿದ್ದು.

“ಇಲ್ಲಿ ಲೇಖಕರ ಉದ್ದೇಶ ಏನು?”

“ಅಮ್ಮ, ಇದು ಲಿಫ್ಟ್ ಕೆಟ್ಟಿದೆ ಅನ್ನೋ ನೋಟಿಸು. ಲೇಖಕರ ಉದ್ದೇಶ ನಮ್ಮನ್ನ ಮೆಟ್ಟಿಲು ಹತ್ತಿಸೋದು.”

“ಮೂರನೇ ಮಹಡಿ ಕಾರ್ಮೇಲಾ ಬರೆದಿದ್ದು ತಾನೇ?” ಎಂದರು ಪಾತ್ರೆ ತೊಳೆಯುತ್ತಿದ್ದ ನನ್ನ ಪತಿ ಉಚ್ಚಿಯೊ. “ಹಾಗಾದ್ರೆ ಉದ್ದೇಶ ಬೇರೆನೇ ಇರುತ್ತೆ.”

“ಪಠ್ಯದಲ್ಲಿ ಇಲ್ಲದ್ದನ್ನ ತರಬಾರದು ಅಪ್ಪ.”

ಅದು ನಾನು ಕಲಿಸಿದ ನಿಯಮ. ಇದಲ್ಲದೆ, ಅವಳು ಅವರೆಕಾಯಿಯಂಥ ಫಾವೆ ಬಿಡಿಸುವಾಗ ಪುಸ್ತಕ ಹಿಡಿದು ಉಳಿದ ವಿಷಯಗಳ ಪ್ರಶ್ನೆ ಕೇಳುತ್ತಿದ್ದವಳೂ ನಾನೇ. ಎರಡು ವರ್ಷ ಕೇಳಿದ ಕಾರಣ, ಆ ವಿಷಯಗಳ ಅರ್ಥ ನನಗೆ ಗೊತ್ತಿಲ್ಲದಿದ್ದರೂ ಉತ್ತರಗಳು ಗೊತ್ತು.

೩. ಕಳೆದ ವರ್ಷ ನೊಯೆಮಿ ಪರೀಕ್ಷೆ ಬರೆಯುವಾಗ ನಾನು ಗೇಟಿನ ಹೊರಗೆ ನಿಂತಿದ್ದೆ. ಗದ್ಯಭಾಗ ಬಂದಾಗ ಪೆನ್ನು ಎರಡು ಸಲ ಕೆಳಗೆ ಬಿತ್ತೆಂದು ಅವಳು ಆಮೇಲೆ ಹೇಳಿದಳು. ನನಗೆ ಅದು ಕಾಣಲಿಲ್ಲ. ಒಳಗೆ ಪ್ರವೇಶ ಅಭ್ಯರ್ಥಿಗಳಿಗೆ ಮಾತ್ರ. ಅಭ್ಯರ್ಥಿಗಳಿಗೆ ವಯೋಮಿತಿ ಇಲ್ಲ. ಆದ್ದರಿಂದ ಸೀಟು ಸಿಗದೆ ಅವಳು ಮತ್ತೆ ಬರೆಯಲಿದ್ದ ಈ ವರ್ಷ ನಾನೂ ಹೆಸರು ನೋಂದಾಯಿಸಿದೆ. ಎಲ್ಲಿ ಕೂತರೂ ಅವಳ ಬೆನ್ನಾದರೂ ಕಾಣುತ್ತದೆಂದು ನನ್ನ ಲೆಕ್ಕ.

ಹುಟ್ಟಿದ ದಿನಾಂಕದ ಪ್ರಕಾರ ಕೂರಿಸುತ್ತಾರೆಂಬುದು ಗೇಟಿನಲ್ಲಿ ತಿಳಿಯಿತು. ಮಗಳನ್ನು ನೆಲಮಹಡಿಗೂ ನನ್ನನ್ನು ಮೂರನೇ ಮಹಡಿಯ ಕೊನೆಯ ಕೋಣೆಗೂ ಕಳುಹಿಸಲಾಯಿತು. ಅಲ್ಲಿ ನಾವು ಒಂಬತ್ತು ಜನ. ಪಕ್ಕದಲ್ಲಿದ್ದವರು ನಿವೃತ್ತ ರೈಲ್ವೆ ಟಿಕೆಟ್ ತಪಾಸಕ ದೊನಾತೊ, ವಯಸ್ಸು ಅರವತ್ತೇಳು.

“ಮೊದಲ ಸಲಾನಾ ಮೇಡಂ? ನಂದು ಒಂಬತ್ತನೇದು. ನಮ್ಮ ರೂಮೇ ವಾಸಿ. ಕೆಳಗಿನ ಮಕ್ಕಳು ಅಳ್ತವೆ.”

“ಅದರಲ್ಲಿ ನನ್ನದೂ ಒಂದಿದೆ. ಅವಳಿಗೋಸ್ಕರಾನೇ ಬಂದೆ.”

“ಅಯ್ಯೋ. ಹಾಗಾದ್ರೆ ಈಗ ಇಲ್ಲಿ ಕೂತು ಏನ್ಮಾಡ್ತೀರಿ?”

ಸಮಯ ಮುಗಿಯುವ ಮುನ್ನ ಹೊರಗೆ ಬಿಡುವುದಿಲ್ಲವೆಂದು ಮೇಲ್ವಿಚಾರಕಿ ಹೇಳಿದರು. ಆದ್ದರಿಂದ ಉತ್ತರಿಸಿದೆ.

೪. ವಾಪಸು ಬರುವಾಗ ಕಾರಿನಲ್ಲಿ ನಡೆದ ಚರ್ಚೆಯನ್ನೂ ತಮ್ಮ ಅವಗಾಹನೆಗೆ ತರುತ್ತೇನೆ. ಗದ್ಯಭಾಗದಲ್ಲಿ ಒಬ್ಬ ಹೆಂಗಸು ಸಂಜೆ ಕಿಟಕಿಯ ಬಳಿ ಕೂತು ಬಟ್ಟೆ ಹೊಲಿಯುತ್ತಿರುತ್ತಾಳೆ. ಏಕೆ ಎಂಬುದು ಪ್ರಶ್ನೆ. ಮನೆಗೆ ಬರಬೇಕಾದವರು ಬಂದಿಲ್ಲವೆಂಬ ಆತಂಕದಿಂದ, ಎಂದು ನಾನು ಗುರುತು ಹಾಕಿದ್ದೆ.

“ಅವಳು ಯಾರಿಗೋ ಕಾಯ್ತಿದಾಳೆ ಅಂತ ಎಲ್ಲೂ ಬರೆದಿಲ್ಲ ಅಮ್ಮ,” ಎಂದಳು ನೊಯೆಮಿ. “ಅಲ್ಲಿ ಬೆಳಕಿದೆ. ಅಷ್ಟೆ.”

ಅವಳು ಹೇಳಿದ್ದೇ ಸರಿ. ಆ ಭಾಗದಲ್ಲಿ ಅವಳಿಗೆ ಏಳಕ್ಕೆ ಏಳು, ನನಗೆ ಆರು. ಈ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ.

೫. ಶನಿವಾರ ಬೆಳಿಗ್ಗೆ ಹತ್ತಕ್ಕೆ ಫಲಿತಾಂಶ ಬಂತು. ಸೀಟುಗಳು ೩೧೦. ರಸಾಯನಶಾಸ್ತ್ರದಲ್ಲಿ ಒಂದು ಉತ್ತರ ತಪ್ಪಿದ ಕಾರಣ ನೊಯೆಮಿಯ ಕ್ರಮಾಂಕ ೩೧೧. ನನ್ನದು ವಿಷಯದ ಸಾಲಿನಲ್ಲಿ ಕಾಣಿಸಿದಂತೆ. ಪಟ್ಟಿಯಲ್ಲಿ ಸಂಕೇತಸಂಖ್ಯೆಗಳು ಮಾತ್ರ ಇರುವುದರಿಂದ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

“ನಿನಗೆಷ್ಟು ಬಂತು ಪಾಲ್ಮಿರಾ?” ಎಂದು ಪತಿ ನಗಿಸಲು ಕೇಳಿದರು.

“ಗದ್ಯಭಾಗ ಬಿಟ್ಟು ಉಳಿದದ್ದೆಲ್ಲ ಖಾಲಿ ಬಿಟ್ಟಿದ್ದೆ.”

ಸದರಿ ಹೇಳಿಕೆ ಸುಳ್ಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನೊಯೆಮಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. “ನನ್ನ ಜಾಗದಲ್ಲಿ ಯಾರೋ ಕೂತಿದಾನೆ. ಅವನಿಗೆ ಅದು ಗೊತ್ತೂ ಇರಲ್ಲ.”

“ಗೊತ್ತಿರುತ್ತೆ,” ಎಂದೆ.

“ಅವನಮ್ಮನಿಗೆ ಇವತ್ತು ಎಷ್ಟು ಖುಷಿಯಾಗಿರಬೇಕು,” ಎಂದರು ಪತಿ. “ತಿನ್ನು ಮಗಳೇ, ಆರಿಹೋಗುತ್ತೆ.”

೬. ಇಲ್ಲಿ ಒಂದು ವಿಳಂಬವನ್ನು ಒಪ್ಪಿಕೊಳ್ಳಬೇಕಾಗಿದೆ. ಫಲಿತಾಂಶ ಬಂದ ಕೂಡಲೇ ನಾನು ಸೀಟು ಬಿಡಬಹುದಿತ್ತು. ಮೂವತ್ತೊಂದು ಗಂಟೆ ಆ ತೀರ್ಮಾನಕ್ಕೆ ಬರಲಿಲ್ಲ. ಮುಂದಿರುವ ೨೯೭ ಜನರಲ್ಲಿ, ಹಿಂದಿರುವ ಹನ್ನೆರಡು ಜನರಲ್ಲಿ, ಯಾರಾದರೂ ಒಬ್ಬರು ಬಿಟ್ಟರೆ ನಾವಿಬ್ಬರೂ ಒಳಗಿರುತ್ತಿದ್ದೆವು. ಅವರಿಗೆ ನಾನು ಯಾವ ಕೆಡುಕನ್ನೂ ಬಯಸಲಿಲ್ಲ. ಬೇರೆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಸೀಟು ಸಿಗಲೆಂದು ಬಯಸಿದೆ. ಗಂಟೆಗೊಮ್ಮೆ ಪಟ್ಟಿ ತೆರೆದು ನೋಡಿದೆ. ಮೊದಲ ವರ್ಷದ ವೇಳಾಪಟ್ಟಿಯನ್ನೂ ನೋಡಿದೆ. ಅಂಗರಚನಾಶಾಸ್ತ್ರ ಬೆಳಿಗ್ಗೆ ಒಂಬತ್ತಕ್ಕೆ. ಏಳರ ರೈಲು ಹಿಡಿದರೆ ಸಾಕು. ಚರ್ಚಿನ ವಾರಪತ್ರದ ಹಿಂಬದಿಯಲ್ಲಿ ನನ್ನ ಹೆಸರಿನ ಮುಂದೆ ‘ಡಾ.’ ಸೇರಿಸಿ ಒಂದು ಸಲ ಸಹಿ ಮಾಡಿ ನೋಡಿ, ಹರಿದುಹಾಕಿದೆ.

ಭಾನುವಾರ ಸಂಜೆ ಐದಕ್ಕೆ ನೊಯೆಮಿ ತನ್ನ ಪುಸ್ತಕಗಳನ್ನು ಹಗ್ಗದಿಂದ ಕಟ್ಟತೊಡಗಿದಳು. “ಮೂರನೇ ಸಲ ನನ್ನ ಕೈಲಾಗಲ್ಲ ಅಮ್ಮ. ಗಂಟಿನ ಮೇಲೆ ಸ್ವಲ್ಪ ಬೆರಳಿಡು.” ಇಟ್ಟೆ. ಅವಳು ಬಿಗಿದಳು.

೭. ಸೋಮವಾರ ಬೆಳಿಗ್ಗೆ ತಮ್ಮ ಕೌಂಟರಿಗೆ ಬಂದೆ.

“ಈ ವಯಸ್ಸಲ್ಲಿ ಸಿಕ್ಕಿದ್ದನ್ನ ಯಾರಾದ್ರೂ ಬಿಡ್ತಾರಾ ಮೇಡಂ?” ಎಂದರು ಶ್ರೀ ಒರೊಂಜೊ. “ಹೋಗ್ಲಿ, ಆರೋಗ್ಯ ಸರಿಯಿಲ್ಲ ಅಂತ ಬರೀರಿ. ಎಲ್ಲರೂ ಅದನ್ನೇ ಬರೆಯೋದು.”

“ಆರೋಗ್ಯ ಚೆನ್ನಾಗಿದೆಯಲ್ಲ.”

“ಹಾಗಾದ್ರೆ ಹಾಳೆ ಲಗತ್ತಿಸಿ.”

ಮೇಲ್ಕಂಡ ಎಲ್ಲ ಕಾರಣಗಳಿಂದ ತಮ್ಮಲ್ಲಿ ಕೋರುವುದೇನೆಂದರೆ:

ಕ್ರಮಾಂಕ ೨೯೮ನ್ನು ಪಟ್ಟಿಯಿಂದ ಇಂದೇ ತೆಗೆಯಬೇಕು. ಕ್ರಮಾಂಕ ೩೧೧ಕ್ಕೆ ಕರೆ ಹೋದಾಗ, ಯಾರೋ ಒಬ್ಬರು ಬಿಟ್ಟಿದ್ದಾರೆ ಎಂದಷ್ಟೇ ತಿಳಿಸಬೇಕು.

ಹಾಗೂ, ತೆಗೆಯುವ ಮೊದಲು, ನನ್ನ ಹೆಸರನ್ನೂ ಅಂಕವನ್ನೂ ತಮ್ಮ ಕಚೇರಿಯಲ್ಲಿ ಯಾರಾದರೂ ಒಮ್ಮೆ ಗಟ್ಟಿಯಾಗಿ ಓದಬೇಕು. ಶ್ರೀ ಒರೊಂಜೊ ಆದರೂ ಆದೀತು. ಅದಕ್ಕೆ ನಾನು ಹಾಜರಿರುವ ಅಗತ್ಯವಿಲ್ಲ.

ಈ ಹಾಳೆಗಳ ಮಟ್ಟಿಗೆ,
ತಮ್ಮ ವಿಶ್ವಾಸಿ,
ಪಾಲ್ಮಿರಾ ಕ್ವಾರ್ತಾ

ಲಗತ್ತುಗಳು:
ಅ. ಗುರುತಿನ ಚೀಟಿಯ ನಕಲು.
ಆ. ಅಂಕಪಟ್ಟಿ, ಮೂಲಪ್ರತಿ. ನಕಲು ಇಟ್ಟುಕೊಂಡಿಲ್ಲ.
ಇ. ತ್ಯಜಿಸುವ ನಮೂನೆ, ಸಹಿ ಸಹಿತ. ಇದರ ಒಂಬತ್ತನೇ ಕಲಂ, “ಅರ್ಜಿದಾರರು ಸಿಗದಿದ್ದಲ್ಲಿ ವಿಷಯವನ್ನು ಯಾರಿಗೆ ತಿಳಿಸಬೇಕು” ಎಂಬುದನ್ನು ಖಾಲಿ ಬಿಡುವಂತಿಲ್ಲವೆಂದು ಶ್ರೀ ಒರೊಂಜೊ ಹೇಳಿದ್ದರಿಂದ, ‘ಯಾರಿಗೂ ಬೇಡ’ ಎಂದು ತುಂಬಿದ್ದೇನೆ. ನಾನೂ ಹೇಳುವುದಿಲ್ಲ.