ಅಗಲ ಟೈರಿನ ದೆಸೆಯಿಂದ ಅತ್ತೆಯವರ ವಶವಾದ ಕಾರಿನ ಕೀಲಿಕೈಯನ್ನು ಹಿಂದಿರುಗಿಸುವ ಕುರಿತು

ಇಂದ:
ಮೊಗಿ ಶುಂಜಿ (ಮದುವೆಗೆ ಮುಂಚೆ ಅರಾಯ್ ಶುಂಜಿ),
ಮನೆಅಳಿಯ ಹಾಗೂ ಸರಬರಾಜು ವಿಭಾಗದ ಮುಖ್ಯಸ್ಥ (ವಿಭಾಗದಲ್ಲಿ ಬೇರೆ ಯಾರೂ ಇಲ್ಲ),
ಮೊಗಿ ಕೊನ್ಯಾಕು ಕಾರ್ಖಾನೆ (ಗೆಡ್ಡೆ ಅರೆದು ಬೇಯಿಸಿದ ಹಲ್ವದಂಥ ತಿನಿಸಿನ ತಯಾರಕರು), ಶಿಮೊನಿತಾ.

ಗೆ:
ಶ್ರೀಮತಿ ಮೊಗಿ ಮಿತ್ಸುಯೊ ಅವರು,
ಸದರಿ ಕಾರ್ಖಾನೆಯ ಮಾಲೀಕರು, ಅರ್ಜಿದಾರನ ಅತ್ತೆ, ಹಾಗೂ ಕೆಂಪು ಕಾರಿನ ಕೀಲಿಕೈಯ ಹಾಲಿ ಸ್ವಾಧೀನದಾರರು,
ಅದೇ ಮನೆ, ಕೆಳಗಿನ ಅಂತಸ್ತು.

ಮೂಲಕ:
ಶ್ರೀಮತಿ ಮೊಗಿ ಚಿಗುಸಾ, ತಮ್ಮ ಮಗಳು ಹಾಗೂ ಅರ್ಜಿದಾರನ ಹೆಂಡತಿ, ಮೆಟ್ಟಿಲ ಬಳಿ.

ವಿಷಯ: ಮುಂದಿನ ಭಾನುವಾರದ ಸ್ಪರ್ಧೆಗೆ ಮುನ್ನ ಕೆಂಪು ಕಾರಿನ ಕೀಲಿಕೈಯನ್ನು ಅರ್ಜಿದಾರನಿಗೆ ಮರಳಿ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ೧) ಹಳೆಯ ಸ್ಕೀ ಮೈದಾನದ ಪಾರ್ಕಿಂಗ್ ಜಾಗದಲ್ಲಿ ನಡೆದ ದುರದೃಷ್ಟಕರ ಘಟನೆ.
೨) ಅದೇ ಸಂಜೆ ಊಟಕ್ಕೆ ಕುಳಿತಾಗ ತಾವು ನಕ್ಕ ನಗು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಒಂದೇ ಸೂರಿನಡಿ ವಾಸವಿದ್ದರೂ ಎದುರಿಗೆ ಬಂದು ಕೇಳುವ ಧೈರ್ಯ ಸಾಲದ ಕಾರಣ, ಅರ್ಜಿದಾರನು ಲಿಖಿತವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಅರ್ಜಿದಾರನು ಈ ಕಣಿವೆಯ ಅತ್ಯಂತ ವೇಗದ ಚಾಲಕನೆಂಬುದು ನಿರ್ವಿವಾದ. ಅವನು ಘಾಟಿಯಲ್ಲಿ ಸ್ಟೀರಿಂಗ್ ತಿರುಗಿಸಿದರೆ ಗುಡ್ಡವೇ ಒಂದು ಗೇಣು ಸರಿದು ಜಾಗ ಬಿಡುತ್ತದೆ. ಪೊಲೀಸರೇ ಒಮ್ಮೆ ಗಾಡಿ ನಿಲ್ಲಿಸಿ ಅವನ ಹಸ್ತಾಕ್ಷರ ಪಡೆದು ಹೋಗಿದ್ದಾರೆ. ಹಸ್ತಾಕ್ಷರ ಪಡೆದ ಕಾಗದಕ್ಕೆ ಅವರು ದಂಡದ ಚೀಟಿ ಎಂದು ಹೆಸರಿಟ್ಟಿರುವುದು ಅವರ ಇಲಾಖೆಯ ಆಂತರಿಕ ವಿಚಾರ.

೨. ದಿವಂಗತ ಮಾವನವರು ಬಿಟ್ಟುಹೋದ ಕೆಂಪು ಕಾರು ಇಬ್ಬರೇ ಕೂರುವ, ಮೇಲ್ಚಾವಣಿ ಮಡಚುವ, ತೀರಾ ಹಗುರ ಗಾಡಿ. ಜೋರಾಗಿ ಸೀನಿದರೆ ಪಕ್ಕದ ಲೇನಿಗೆ ಹೋಗುತ್ತದೆ. ಅದಕ್ಕೆ ಕಂಪನಿಯವರು ಕೊಟ್ಟಿದ್ದು ನೂರಾ ಎಂಬತ್ತೈದು ಮಿಲಿಮೀಟರ್ ಅಗಲದ ಬಡಪಾಯಿ ಟೈರು. ರಸ್ತೆಗೆ ತಾಗುವ ರಬ್ಬರು ಹೆಚ್ಚಾದಷ್ಟೂ ಹಿಡಿತ ಹೆಚ್ಚು ಎಂಬುದು ಜಗತ್ತಿನ ಯಾವ ವಿಜ್ಞಾನಿಗೂ ಹೊಳೆಯುವ ಮೊದಲೇ ಅರ್ಜಿದಾರನಿಗೆ ಹೊಳೆದ ಕಾರಣ, ಅವನು ಟೈರು ಅಂಗಡಿಯ ನೆಗಿಶಿಯ ಬಳಿ ಹೋದನು. ಅಲ್ಲಿ ನಡೆದ ಮಾತುಕತೆ ಈ ಕೆಳಗಿನಂತಿದೆ.

"ಇರೋದ್ರಲ್ಲಿ ಅಗಲದ್ದು ಕೊಡಪ್ಪಾ ನೆಗಿಶಿ."

"ಶುಂಜಿ ಅಣ್ಣ, ಇದು ಹಗುರ ಗಾಡಿ, ಇಂಜಿನ್ನೂ ಅಷ್ಟಕ್ಕಷ್ಟೆ. ನೂರಾ ತೊಂಬತ್ತೈದು ಹಾಕ್ಕೊಳ್ಳಿ. ಹಟ ಅಂದ್ರೆ ಇನ್ನೂರೈದು. ಇನ್ನೂರಿಪ್ಪತ್ತೈದು ನೀವು ತಂದಿರೋ ಈ ಎರಡನೇ ಜೊತೆ ರಿಮ್ಮಿಗೆ ಕೂರಲ್ಲ."

"ಕೂರಿಸು."

"ಕೂರಿಸ್ಬೋದು. ಹೊಟ್ಟೆ ಬಂದೋರು ಮದುವೆ ದಿನದ ಪ್ಯಾಂಟು ಹಾಕ್ಕೊಂಡ ಹಾಗಿರುತ್ತೆ, ಅಷ್ಟೆ."

ಹೀಗೆನ್ನುವಾಗ ಸದರಿ ನೆಗಿಶಿಯು ಎತ್ತ ನೋಡುತ್ತಿದ್ದನೆಂಬುದನ್ನು ದಾಖಲಿಸುವ ಅಗತ್ಯ ಕಂಡುಬರುವುದಿಲ್ಲ. ಇನ್ನೂರಿಪ್ಪತ್ತೈದನ್ನೇ ಹಾಕಿಸಲಾಯಿತು. ಕಾರು ನಿಂತಲ್ಲೇ ಗುಟುರು ಹಾಕುವಂತೆ ಕಾಣತೊಡಗಿತು. ಊರಿನ ನಾಯಿಗಳು ಅದರ ಚಕ್ರಕ್ಕೆ ಕಾಲೆತ್ತುವುದನ್ನು ಗೌರವಪೂರ್ವಕವಾಗಿ ನಿಲ್ಲಿಸಿದವು.

೩. ಟೈರು ಮಡ್‌ಗಾರ್ಡ್ ದಾಟಿ ಹೊರಗೆ ಇಣುಕುವ ಕಾರಣ ಸರ್ಕಾರಿ ವಾಹನ ತಪಾಸಣೆಯಲ್ಲಿ ಪಾಸಾಗದು. ಆದ್ದರಿಂದ ಈ ಕಣಿವೆಯ ಎಲ್ಲ ಮರ್ಯಾದಸ್ಥರಂತೆ ಅರ್ಜಿದಾರನೂ ಕಂಪನಿಯ ಮೂಲ ಟೈರುಗಳನ್ನು ರಿಮ್ ಸಮೇತ ಉಗ್ರಾಣದಲ್ಲಿ, ತಮ್ಮ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಗಳ ಹಿಂದೆ, ಕಂಬಳಿ ಹೊದಿಸಿ ಮಲಗಿಸಿದ್ದನು. ತಪಾಸಣೆಯ ಮುನ್ನಾದಿನ ಅವನ್ನು ಎಬ್ಬಿಸಿ ಹಾಕುವುದು, ಮಾರನೆಯ ದಿನ ಮತ್ತೆ ಮಲಗಿಸುವುದು ರೂಢಿ. ಇದು ಎಲ್ಲರಿಗೂ ಗೊತ್ತು. ತಪಾಸಣೆ ಮಾಡುವವರ ಮನೆಯ ಉಗ್ರಾಣದಲ್ಲೂ ಕಂಬಳಿ ಇದೆ.

೪. ಹೀಗಿರಲಾಗಿ, ತಾವು ಸರಬರಾಜು ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬ ತಮಗೆ ಅಡ್ಡ ಬಂದಿತು. ಆ ಸಂಜೆ ಚಿಗುಸಾ ತಮ್ಮನ್ನುದ್ದೇಶಿಸಿ, "ಅಮ್ಮಾ, ಎಪ್ಪತ್ತಾರಾಯ್ತು. ನಿನ್ನ ವಯಸ್ಸಿನೋರೆಲ್ಲ ಲೈಸೆನ್ಸ್ ವಾಪಸ್ ಕೊಡ್ತಿದಾರೆ, ನೀನೂ ಕೊಟ್ಟುಬಿಡು" ಎಂದಳು.

"ಕೊಟ್ಟು? ಬಿಸಿನೀರಿನ ಬುಗ್ಗೆ ಸ್ನಾನಕ್ಕೆ ನಡ್ಕೊಂಡು ಹೋಗ್ಲಾ? ಈ ಊರಿಗೆ ಬಸ್ಸು ಬಂದು ಎಷ್ಟು ಕಾಲ ಆಯ್ತೇ? ಮನೇಲೇ ಕೂತು ನಿನ್ನ ಗಂಡ ಹೇಳೋ ಕಥೆ ಕೇಳೋದಾದ್ರೆ, ಈಗ್ಲೇ ನನ್ನ ಬೂದಿ ಮಾಡಿ ಡಬ್ಬಿಗೆ ತುಂಬಿಬಿಡಿ."

ಅರ್ಜಿದಾರನು ಶಾಂತಿ ಸ್ಥಾಪನೆಯ ಸದುದ್ದೇಶದಿಂದ ಮಧ್ಯೆ ಬಾಯಿ ಹಾಕಿ, "ಅತ್ತೇ, ಭಾನುವಾರ ಪ್ಲಾಸ್ಟಿಕ್ ಕೋನ್ ನಿಲ್ಲಿಸಿ ಕಾರಲ್ಲಿ ಸುತ್ತೋ ಸ್ಪರ್ಧೆ ಇದೆ. ಒಂದೇ ಕಾರಲ್ಲಿ ಇಬ್ಬರು ಹೆಸರು ಕೊಡಬಹುದು. ನೀವು ಸೋತ್ರೆ ಲೈಸೆನ್ಸ್ ವಾಪಸ್. ನಾನು ಸೋತ್ರೆ ಕಾರಿನ ಕೀ ನಿಮ್ದು, ವ್ಯಾನು ನಂದು" ಎಂದನು. ತಾವು ಚಹಾ ಕುಡಿದು ಮುಗಿಸಿ, "ಆಗ್ಲಿ ಅಳಿಯಂದ್ರೇ" ಎಂದಿರಿ. ಆಗ ತಮ್ಮ ಕಣ್ಣಲ್ಲಿ ಮಿಂಚಿದ್ದನ್ನು ಅರ್ಜಿದಾರನು ಕಣ್ಣಿನ ಪೊರೆ ಎಂದು ತಪ್ಪು ತಿಳಿದನು.

೫. ಸ್ಪರ್ಧೆಯ ಬೆಳಿಗ್ಗೆ ಪಾರ್ಕಿಂಗ್ ಜಾಗದ ನೆಲ ಒದ್ದೆಯಾಗಿತ್ತು, ಚಳಿ ಎಷ್ಟಿತ್ತೆಂದರೆ ಬಾಯಿಂದ ಬಿಟ್ಟ ಮಾತು ಹೆಪ್ಪುಗಟ್ಟಿ ಕಾಲ ಮೇಲೆ ಬೀಳುತ್ತಿತ್ತು. ಮೊದಲು ಅರ್ಜಿದಾರನು ಅಗಲ ಟೈರಿನಲ್ಲಿ ಓಡಿಸುವುದೆಂದೂ, ಮಾರನೆಯ ದಿನ ಹೇಗೂ ತಪಾಸಣೆ ಇರುವುದರಿಂದ ಅಲ್ಲಿಯೇ ಮೂಲ ಟೈರು ಹಾಕಿ ತಮ್ಮ ಕೈಗೆ ಕೊಡುವುದೆಂದೂ ಅರ್ಜಿದಾರನೇ ಏರ್ಪಾಡು ಮಾಡಿದ್ದನು. ಇದನ್ನು ಚಿಗುಸಾ ಕುತಂತ್ರ ಎಂದು ಕರೆದಿದ್ದಾಳೆ. ಇದು ಸಮಯದ ಉಳಿತಾಯ.

ಅರ್ಜಿದಾರನು ಸಿಡಿಲಿನಂತೆ ಹೊರಟನು. ಆದರೆ ಬಿಸಿಯಾದರಷ್ಟೇ ನೆಲ ಹಿಡಿಯುವ ಅಗಲ ಟೈರು, ಹಗುರ ಕಾರಿನ ಕೆಳಗೆ ಬಿಸಿಯೇ ಆಗದೆ ಚಳಿಗೆ ಮರಗಟ್ಟಿತ್ತು. ಮೊದಲ ತಿರುವಿನಲ್ಲಿ ಅವನು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೂ ಕಾರು ತನ್ನ ಸ್ವಂತ ಅಭಿಪ್ರಾಯದಂತೆ ನೇರ ಹೋಯಿತು. ಎರಡನೆಯದರಲ್ಲಿ ಟೈರಿನ ಹೊಟ್ಟೆ ಒಂದು ಕಡೆ ವಾಲಿ, ಮಡ್‌ಗಾರ್ಡಿಗೆ ಉಜ್ಜಿ, ಹಂದಿ ಕಿರುಚಿದಂತೆ ಕಿರುಚಿತು. ನಿಂತ ನೀರಿನ ಮೇಲೆ ನಾಲ್ಕೂ ಚಕ್ರ ದೋಣಿಯಂತೆ ತೇಲಿದವು. ಎರಡು ಕೋನುಗಳು ಕಾರಿನ ಕೆಳಗೆ ಬಂದು ಆಶ್ರಯ ಪಡೆದವು. ಕಾರು ಚಹಾ ಡೇರೆಯ ಮುಂದೆ ನಿಂತಾಗ ನೆಗಿಶಿ ಒಂದು ಲೋಟ ಮುಂದೆ ಹಿಡಿದು, "ಸಕ್ಕರೆ ಹಾಕ್ಲಾ ಅಣ್ಣ?" ಎಂದು ಕೇಳಿದ್ದು ಅಧಿಕಪ್ರಸಂಗತನ.

೬. ತದನಂತರ ತಾವು ಬಂದಿರಿ. ಸೀಟಿನ ಮೇಲೆ ದಿಂಬು ಹಾಕಿದಿರಿ. ವಯಸ್ಸಾದ ಚಾಲಕರು ಅಂಟಿಸುವ ಬಣ್ಣದ ಎಲೆ ಗುರುತನ್ನು ಕಾರಿನ ಹಿಂಭಾಗಕ್ಕೆ ಅಂಟಿಸಿದಿರಿ.

"ಅತ್ತೇ, ಅದೊಂದು ಬೇಡ, ನನ್ನ ಮಾನ ಹೋಗುತ್ತೆ! ಅಂದಹಾಗೆ, ಗೇರು ಎಲ್ಲಿದೆ ಅನ್ನೋದಾದ್ರೂ ನೆನಪಿದ್ಯಾ?"

"ನಿಮ್ಮ ಮಾವನ ಪಕ್ಕ ಕೂತು ಇಪ್ಪತ್ತು ವರ್ಷ ಖಾಲಿ ನೆಲ ಒತ್ತಿದೀನಿ ಅಳಿಯಂದ್ರೇ. ಇವತ್ತು ಕಾಲ ಕೆಳಗೆ ಬ್ರೇಕಾದ್ರೂ ಇದೆ."

ಮುಂದೆ ನಡೆದುದನ್ನು ಅರ್ಜಿದಾರನ ಕೈ ಬರೆಯಲೊಲ್ಲದು. ಗೆಡ್ಡೆಯ ಸಿಪ್ಪೆ ಸುಲಿದಷ್ಟು ಸಲೀಸಾಗಿ ತಾವು ಕೋನುಗಳನ್ನು ಸುತ್ತಿದಿರಿ. ಕಾರು ತಾವು ನೋಡಿದ ಕಡೆಗೇ ತಿರುಗಿತು. ಹರೆಯದ ಹುಡುಗರೆಲ್ಲ ತಂತಮ್ಮ ಅಗಲ ಟೈರುಗಳ ಮೇಲೆ ಕೂತು ಬಾಯಿ ತೆರೆದರು. ತಾವು ಇಳಿದು, ದಿಂಬು ಕೊಡವಿ, ಅರ್ಜಿದಾರನು ಬಿಚ್ಚಿಟ್ಟಿದ್ದ ಟೈರನ್ನು ಮುಟ್ಟಿ ನೋಡಿದಿರಿ. ಅದು ಇನ್ನೂ ಮೀನಿನಂತೆ ತಣ್ಣಗಿತ್ತು.

"ಒಲೆ ಚಿಕ್ಕದು, ಕೊನ್ಯಾಕು ಬಿಲ್ಲೆ ಅಗಲ. ಬೇಯೋದ್ಯಾವಾಗ? ಇಷ್ಟು ವರ್ಷ ನನ್ನ ಕಾರ್ಖಾನೇಲಿ ಏನು ಕಲಿತ್ರಿ?"

ಹೀಗೆಂದು ಕೈ ಚಾಚಿದಿರಿ. ಕೀಲಿಕೈ ಹಸ್ತಾಂತರವಾಯಿತು.

೭. ಅಂದಿನಿಂದ ಅರ್ಜಿದಾರನು ನಗುವ ಕೊನ್ಯಾಕಿನ ಚಿತ್ರ ಬಿಡಿಸಿದ ವ್ಯಾನನ್ನು ಓಡಿಸುತ್ತಿದ್ದಾನೆ. ಕೀಲಿಕೈ ತಮ್ಮ ಸೊಂಟದ ಪಟ್ಟಿಯಲ್ಲಿ ನೇತಾಡುವ ಸದ್ದು ಮಹಡಿಯವರೆಗೂ ಕೇಳಿ ಅವನಿಗೆ ನಿದ್ದೆ ಇಲ್ಲ. ಚಿಗುಸಾಗೆ ಹೇಳಿದರೆ, "ರೀ, ಅಮ್ಮನ ಲೈಸೆನ್ಸ್ ಬಗ್ಗೆ ನಾನಿನ್ನು ಬಾಯಿ ಬಿಡಲ್ಲ. ನೀವೂ ಕೀ ಬಗ್ಗೆ ಬಿಡ್ಬೇಡಿ. ಅವಳು ಈಗ ಬುಗ್ಗೆಗೆ ದಿನಾ ಹೋಗ್ತಾಳೆ, ದೂರದ್ದಕ್ಕೆ" ಎನ್ನುತ್ತಾಳೆ. ಮುಂದಿನ ಭಾನುವಾರ ಈ ವರ್ಷದ ಕೊನೆಯ ಸ್ಪರ್ಧೆ. ಅಲ್ಲಿ ಅರ್ಜಿದಾರನು ಗೆಲ್ಲದಿದ್ದರೆ ಊರಿನಲ್ಲಿ ಅವನ ಹೆಸರು ಉಳಿಯುವುದಿಲ್ಲ. ಮೊದಲೇ ಮದುವೆಯಲ್ಲಿ ಅರ್ಧ ಹೆಸರು ಹೋಗಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಗಣಿಸಿ, ಭಾನುವಾರದ ಮಟ್ಟಿಗಾದರೂ ಕೀಲಿಕೈ ದಯಪಾಲಿಸಬೇಕಾಗಿ ಪ್ರಾರ್ಥನೆ. ಅರ್ಜಿದಾರನು ನೂರಾ ಎಂಬತ್ತೈದರ ಟೈರಿನಲ್ಲೇ ಓಡಿಸಲು ಒಪ್ಪಿರುತ್ತಾನೆ. ಇದು ಸೋಲನ್ನು ಒಪ್ಪಿಕೊಂಡಂತಲ್ಲ. ಕಂಪನಿಯವರು ತಡವಾಗಿಯಾದರೂ ಅರ್ಜಿದಾರನ ಮಟ್ಟಕ್ಕೆ ಬಂದಿದ್ದಾರೆಂದು ಭಾವಿಸತಕ್ಕದ್ದು. ಬದಲಿಗೆ ಗೇಟಿನ ಕಂಬವನ್ನು ಅವನು ಸ್ವಂತ ಕೈಯಿಂದ ತಮಗೆ ಅಡ್ಡ ಬಾರದಷ್ಟು ದೂರಕ್ಕೆ ಸರಿಸಿ ನೆಡುತ್ತಾನೆ.

ತಮ್ಮ ವಿಶ್ವಾಸಿ ಅಳಿಯ,
ಮೊಗಿ ಶುಂಜಿ
(ಕಣಿವೆಯ ಅತ್ಯಂತ ವೇಗದ ಚಾಲಕ, ತಮ್ಮನ್ನು ಹೊರತುಪಡಿಸಿ)

ಲಗತ್ತುಗಳು:
೧) ಕಾರಿನ ಕೆಳಗೆ ಆಶ್ರಯ ಪಡೆದಿದ್ದ ಕೋನಿನ ಚೂರು.
೨) ಇನ್ನೂರಿಪ್ಪತ್ತೈದರ ಟೈರು, ಒಂದು. ಸದ್ಯ ಅದರೊಳಗೆ ತಮ್ಮ ಬೆಕ್ಕು ಮಲಗಿದ್ದು, ಎದ್ದ ಕೂಡಲೇ ಸಲ್ಲಿಸಲಾಗುವುದು. ಉಳಿದ ಮೂರರಲ್ಲಿ ಚಿಗುಸಾ ಈರುಳ್ಳಿ ಸಸಿ ನೆಟ್ಟಿದ್ದಾಳೆ.

ವಿಶೇಷ ಸೂಚನೆ: ನಿನ್ನೆ ಅರ್ಜಿದಾರನು ವ್ಯಾನಿನಲ್ಲಿ ಘಾಟಿ ಹತ್ತುವಾಗ ತಾವು ಕೆಂಪು ಕಾರಿನಲ್ಲಿ ಅವನನ್ನು ದಾಟಿ ಹೋದಿರಿ. ಮುಂದೆ ಗುಡುಗುತ್ತಾ ಹೋಗುತ್ತಿದ್ದ ಹುಡುಗರ ಕಾರುಗಳೆಲ್ಲ ತಮ್ಮನ್ನು ಕನ್ನಡಿಯಲ್ಲಿ ಕಂಡು ಬದಿಗೆ ಸರಿದು, ಆ ಎಲೆ ಗುರುತು ದಾಟಿ ಹೋಗುವವರೆಗೂ ತಲೆ ಬಾಗಿಸಿ ನಿಂತಿದ್ದನ್ನು ಅರ್ಜಿದಾರನು ಕಣ್ಣಾರೆ ಕಂಡಿದ್ದಾನೆ. ಕಾರಣ, ಕೀಲಿಕೈ ಕೊಡುವಾಗ ಸದರಿ ಎಲೆ ಗುರುತನ್ನು ಕೀಳದೆ ಹಾಗೆಯೇ ಬಿಡಬೇಕಾಗಿ ಕೋರಲಾಗಿದೆ. ಸೀಟಿನ ದಿಂಬು ತೆಗೆದು, ಯಾರಿಗೂ ಮುಖ ಕಾಣದಷ್ಟು ಕೆಳಗೆ ಕುಳಿತು ಓಡಿಸಲು ಅರ್ಜಿದಾರನು ಸಿದ್ಧನಿದ್ದಾನೆ.