ಸದಣ್ಣನ ಕಂಪೆನಿಯ ಕೊನೆಯ ಗಿರಾಕಿ

ಮಾಡಿ ಬಡಿಸಿದ್ದನ್ನು ಯಾರಾದರೂ ಬೈದರೆ ತಡೆದುಕೊಳ್ಳಬಹುದು, "ಪರವಾಗಿಲ್ಲ, ಚೆನ್ನಾಗಿದೆ" ಎಂದು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದರೆ ಮಾತ್ರ ತಡೆದುಕೊಳ್ಳಲಾಗುವುದಿಲ್ಲ ಎಂದು ನನ್ನ ಹೆಂಡತಿ ವಾರಿಜ ಆಗಾಗ ಹೇಳುವುದುಂಟು. ಹೀಗೆ ಎಷ್ಟೋ ಬಸಳೆ ಪದಾರ್ಥವನ್ನು ಅಂಚಿಗೆ ಸರಿಸಿದವನು ನಾನು. ಆ ಸಂಕಟ ಒಂದು ದಿನ ನನ್ನ ಪಾಲಿಗೂ ಬರುತ್ತದೆಂದು ಎಣಿಸಿರಲಿಲ್ಲ. ಹಾಗೆಂದು ನಾನು ಅಡುಗೆಯವನಲ್ಲ. ಹಗಲು ಹೊತ್ತಿನಲ್ಲಿ ಕಟ್ಟಡಗಳಿಗೆ ಏಸಿ ಕೂರಿಸುವ ಕಂಪೆನಿಯೊಂದರ ಎಸ್ಟಿಮೇಟರ್. ಆಫೀಸು ಮುಗಿದ ಮೇಲೆ, ಹೇಳಲು ಸ್ವಲ್ಪ ಸಂಕೋಚ, ದೋಹಾದ ಬಿನ್ ಒಮ್ರಾನಿನ ನನ್ನ ಫ್ಲಾಟಿನ ಅಡುಗೆಮನೆಯ ಮೂಲೆಯಲ್ಲಿ ಬಿಯರು ಮಾಡುತ್ತಿದ್ದೆ.

ಇದು ತೊಂಬತ್ತರ ದಶಕದ ಮಾತು. ಆಗ ಅಲ್ಲಿ ಬಿಯರು ಬೇಕಾದರೆ ಪರ್ಮಿಟ್ ಬೇಕಿತ್ತು. ಪರ್ಮಿಟ್ ಸಿಗಬೇಕಾದರೆ ದೊಡ್ಡ ಸಂಬಳ ಬೇಕು, ಕಂಪೆನಿಯ ಪತ್ರ ಬೇಕು. ಮಂಗಳೂರು, ಉಡುಪಿ ಕಡೆಯಿಂದ ಹೋಗಿ ಅಲ್ಲಿ ಒಟ್ಟು ಸೇರಿದ್ದ ನಮ್ಮ ತುಳು ಮಾತಾಡುವ ಗುಂಪಿನಲ್ಲಿ ಇವೆರಡೂ ಯಾರಲ್ಲೂ ಇರಲಿಲ್ಲ, ಇದ್ದದ್ದು ಬಾಯಾರಿಕೆ ಮಾತ್ರ. ವಾರಿಜ ಇನ್ನೂ ಊರಿನಲ್ಲಿದ್ದ ಕಾಲದಲ್ಲಿ, ಅಂಗಡಿಯಲ್ಲಿ ಸಿಗುವ ಅಮಲಿಲ್ಲದ ಮಾಲ್ಟ್ ಪಾನೀಯವನ್ನು ನೀಲಿ ಡ್ರಮ್ಮಿಗೆ ಸುರಿದು, ಸಕ್ಕರೆ, ಶುಂಠಿ, ಖರ್ಜೂರ, ಬೇಕರಿಯ ಯೀಸ್ಟು ಹಾಕಿ, ಬಾಯಿ ಕಟ್ಟಿ ಇಟ್ಟು ನೋಡಿದೆ. ಕಾನೂನಿಗೆ ಇದು ಒಪ್ಪಿಗೆಯಾಗುವ ಸಂಗತಿಯಲ್ಲ ಎಂದು ಗೊತ್ತಿದ್ದುದರಿಂದ ಅದನ್ನು ನಾವು ಬಿಯರು ಎನ್ನುತ್ತಿರಲಿಲ್ಲ, ಕಷಾಯ ಎನ್ನುತ್ತಿದ್ದೆವು. ಮೊದಲ ಕಷಾಯ ಕುಡಿದ ಶುಕ್ರವಾರ ಗೆಳೆಯರೆಲ್ಲ ಎದ್ದು ನಿಂತು ನನ್ನ ಕೈ ಕುಲುಕಿದರು. ನನ್ನ ಮದುವೆಯಲ್ಲಿಯೂ ಯಾರೂ ಅಷ್ಟು ಮನಸಾರೆ ಕುಲುಕಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ಹೆಸರು ಸದಾನಂದ ಹೋಗಿ ಸದಣ್ಣನ ಕಂಪೆನಿ ಎಂದೇ ಆಯಿತು. ದೋಹಾದ ಹೊರಗಿನ ಅಲ್ ವಕ್ರಾದಿಂದ ವಾರದ ರಜೆಯ ಶುಕ್ರವಾರ ಕಾರು ಬಿಟ್ಟುಕೊಂಡು ಬರುವವರಿದ್ದರು. ನಾನು ಅವರಿಗೆ ನೊರೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ನೊರೆ ಹೇಗೆ ಏಳುತ್ತದೆ, ಎಷ್ಟು ಹೊತ್ತು ನಿಲ್ಲಬೇಕು, ಯಾಕೆ ಕೂರುತ್ತದೆ, ಕೂತ ಮೇಲೆ ಲೋಟದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೆಲ್ಲ ಕೇಳಿಸಿಕೊಂಡವರಿಗೆ ಮಾತ್ರ ಲೋಟ ಸಿಗುತ್ತಿತ್ತು. ವಾರಿಜ ಬಂದು ಸಂಸಾರ ಹೂಡಿದ ಮೇಲೂ ಕಂಪೆನಿ ನಿಲ್ಲಲಿಲ್ಲ. ಒಮ್ಮೆ ನಮ್ಮ ಆಫೀಸಿನ ಮ್ಯಾನೇಜರು ಹೆಂಡತಿಯೊಂದಿಗೆ ಚಹಕ್ಕೆ ಬಂದಿದ್ದಾಗ ಒಳಗೆ ಬಾಟಲಿಯೊಂದು ಢಬ್ಬೆಂದು ಸಿಡಿಯಿತು. ವಾರಿಜ ತಣ್ಣಗೆ, "ಕುಕ್ಕರು ಹಳತಾಗಿದೆ ಸಾರ್" ಎಂದಳು. ಮರುವಾರ ಆ ಪುಣ್ಯಾತ್ಮ ನಮಗೊಂದು ಹೊಸ ಕುಕ್ಕರು ಕಳಿಸಿಕೊಟ್ಟ. ಈಗಲೂ ಅದರಲ್ಲೇ ನಮ್ಮ ಮನೆಯ ಬೇಳೆ ಬೇಯುತ್ತದೆ.

ಕಟ್ಟಡದ ಕೆಳಗೆ ಹಮೀದ್ ಬ್ಯಾರಿಯವರ ಕಿರಾಣಿ ಅಂಗಡಿ. ಬಂಟ್ವಾಳದ ಕಡೆಯವರು, ಐದು ಹೊತ್ತು ನಮಾಜಿನವರು. ಕೇಸುಗಟ್ಟಲೆ ಮಾಲ್ಟ್ ಪಾನೀಯ ಒಯ್ಯುತ್ತಿದ್ದ ನನ್ನನ್ನು ಅವರು ಒಂದು ದಿನವೂ ಯಾಕೆಂದು ಕೇಳಿದವರಲ್ಲ. "ಮೈಗೆ ಒಳ್ಳೆಯದು ಮಾರಾಯ್ರೆ, ಕುಡೀರಿ" ಎಂದು ಬೇರೆ ಕಡೆ ನೋಡುತ್ತಿದ್ದರು.

ಕಂಪೆನಿಗೆ ಕೇಡುಗಾಲ ಬಂದದ್ದು ದಿವಾಕರನ ಬಡ್ತಿಯಿಂದ. ದಿವಾಕರ ನನಗಿಂತ ಕಿರಿಯ, ನನ್ನ ಮೊದಲ ಗಿರಾಕಿಗಳಲ್ಲೊಬ್ಬ. ಬಡ್ತಿ ಸಿಕ್ಕಿತು, ಸಂಬಳ ಏರಿತು, ಅಲ್ ಅಜೀಜಿಯಾದಲ್ಲಿ ದೊಡ್ಡ ಫ್ಲಾಟಾಯಿತು, ಕೊನೆಗೆ ಪರ್ಮಿಟ್ಟೂ ಬಂತು. ಶುಕ್ರವಾರದ ಬೈಠಕ್ಕು ಮೆಲ್ಲಗೆ ಅವನ ಮನೆಗೆ ಸರಿಯಿತು. ಅಲ್ಲಿ ಫ್ರಿಜ್ಜಿನ ತುಂಬ ಬೆವರುವ ಬಿಯರು ಡಬ್ಬಿಗಳು. ನಾನೂ ಬಿಡದೆ ನನ್ನ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಒಯ್ಯುತ್ತಿದ್ದೆ. ಯಾರೂ ಬೇಡವೆನ್ನಲಿಲ್ಲ. ಅದೇ ಕಷ್ಟವಾದದ್ದು. "ಸದಣ್ಣ, ನಿಮ್ಮದು ಒಂದು ಅರ್ಧ ಗ್ಲಾಸ್ ಸಾಕು, ಯಾಕೋ ಗ್ಯಾಸ್ಟ್ರಿಕ್ ಉಂಟು" ಎಂದು ಒಬ್ಬ. "ನನಗೂ ಹಾಗೆಯೇ" ಎಂದು ಇನ್ನೊಬ್ಬ. ಇಡೀ ಗುಂಪಿಗೆ ಬಂದ ಆ ಗ್ಯಾಸ್ಟ್ರಿಕ್ಕು ಡಬ್ಬಿ ತೆರೆದ ಸದ್ದು ಕೇಳಿದ ಕೂಡಲೇ ವಾಸಿಯಾಗುತ್ತಿತ್ತು. ನಾನು ನೊರೆಯ ವಿಷಯ ಎತ್ತಿದರೆ ಯಾರಾದರೊಬ್ಬರು ಕ್ರಿಕೆಟ್ ಸ್ಕೋರು ಕೇಳುತ್ತಿದ್ದರು. ಸಿಟ್ಟು ಬರುತ್ತಿತ್ತು. ಆದರೆ ಯಾರ ಮೇಲೆ ಮಾಡುವುದು? ಡಬ್ಬಿಯ ಬಿಯರು ನಿಜಕ್ಕೂ ನನ್ನದಕ್ಕಿಂತ ಚೆನ್ನಾಗಿತ್ತು. ನಾನೂ ಕುಡಿಯುತ್ತಿದ್ದೆ, ಮೂತಿ ಉಬ್ಬಿಸಿಕೊಂಡು ಕುಡಿಯುತ್ತಿದ್ದೆ ಅಷ್ಟೆ.

ಆ ದಿನಗಳಲ್ಲಿ ನನ್ನ ಪರವಾಗಿ ಮಾತಾಡಿದವರು ಒಬ್ಬರೇ. ದಿವಾಕರನ ತಂದೆ ಬಾಬಣ್ಣ. ವಿಸಿಟ್ ವೀಸಾದಲ್ಲಿ ಬಂದು ಒಂದು ಚಳಿಗಾಲ ಮಗನ ಮನೆಯಲ್ಲಿದ್ದರು. ತಲೆಗೆ ಮುಂಡಾಸು, ಸೊಂಟಕ್ಕೆ ಲುಂಗಿ, ಮೇಲೆ ಸೊಸೆ ಒತ್ತಾಯದಿಂದ ಹಾಕಿಸಿದ ಸ್ವೆಟರು. ಮಗ ಕೊಟ್ಟ ಡಬ್ಬಿಯಿಂದ ಒಂದು ಗುಟುಕು ಕುಡಿದು, "ಇದು ತಗಡಿನ ನೀರು" ಎಂದು ಕೆಳಗಿಟ್ಟರು. ನನ್ನ ಬಾಟಲಿಯದ್ದನ್ನು ಸ್ಟೀಲಿನ ಲೋಟಕ್ಕೆ ಹೊಯ್ಯಿಸಿಕೊಂಡು ಕಣ್ಣು ಮುಚ್ಚಿ ಕುಡಿದರು. "ಇದಕ್ಕೆ ಹೊತ್ತು ಮೀರಿದ ಕಳ್ಳಿನ ರುಚಿ ಉಂಟು ಮಗಾ" ಎಂದರು. ಈ ಮಾತನ್ನು ನಾನು ಆ ಚಳಿಗಾಲವೆಲ್ಲ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೊತ್ತು ಮೀರಿದ ಕಳ್ಳು ಎಂದರೆ ಹುಳಿ ಬಂದ ಕಳ್ಳು ಎಂದು ವಾರಿಜ ನೆನಪಿಸಿದ ಮೇಲೆ ಹೇಳುವುದನ್ನು ಸ್ವಲ್ಪ ಕಡಿಮೆ ಮಾಡಿದೆ. ಅವರು ಊರಿಗೆ ಮರಳಿದ ಮೇಲೆ ನನ್ನ ಬಾಟಲಿಗಳು ಟವೆಲಿನಿಂದ ಹೊರಬರುವುದೇ ನಿಂತುಹೋಯಿತು. ಒಂದು ದಿನ ವಾರಿಜ ನೀಲಿ ಡ್ರಮ್ಮನ್ನು ಸೋಪು ಹಾಕಿ ತೊಳೆದು, ಒಣಗಿಸಿ, ಅದರಲ್ಲಿ ಕುಚ್ಚಲಕ್ಕಿ ತುಂಬಿಸಿದಳು. "ಖಾಲಿ ಇತ್ತಲ್ಲ" ಎಂದಳು. ಅಂಗಡಿಯ ಮುಂದೆ ಹಾದುಹೋಗುವಾಗ ಹಮೀದ್ ಬ್ಯಾರಿಯವರು, "ಏನು ಸದಣ್ಣ, ಮಾಲ್ಟ್ ಖಲಾಸಾ? ಮೈಗೆ ಹುಷಾರಿಲ್ವಾ?" ಎಂದು ಕೇಳಿದರು. ಅವರ ದನಿಯಲ್ಲಿ ನಿಜವಾದ ಕಳವಳ ಇತ್ತು. ಮನಸ್ಸಿಗೆ ಏನೋ ಒಂಥರಾ ಆಯಿತು.

ಮರುವರ್ಷ ಬಾಬಣ್ಣ ತೀರಿಕೊಂಡರು. ಕೆಲಸದ ಕಂಪೆನಿ ಇಟ್ಟುಕೊಂಡಿದ್ದ ಪಾಸ್‌ಪೋರ್ಟು ದಿವಾಕರನ ಕೈಗೆ ಬಂದು, ವಿಮಾನ ಹತ್ತಿ ಊರು ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ವಾಪಸು ಬಂದ ಮೇಲೆ ಅವನು ಆ ವಿಷಯ ಮಾತಾಡಲಿಲ್ಲ. ನಾವೂ ಕೇಳಲಿಲ್ಲ. ಗಂಡಸರ ಗುಂಪಿನಲ್ಲಿ ಇಂಥದ್ದನ್ನು ಹೇಗೆ ಕೇಳಬೇಕೆಂದು ಯಾರಿಗೂ ತಿಳಿಯುವುದಿಲ್ಲ, ಇನ್ನೊಂದು ಡಬ್ಬಿ ಮುಂದೆ ಸರಿಸುತ್ತೇವೆ.

ಊರಿನಲ್ಲಿ ಜಡಿಮಳೆಯ ಆಟಿ ತಿಂಗಳು ಹತ್ತಿರವಾದಾಗ, ದೋಹಾದಲ್ಲಿ ಕಾರಿನ ಸ್ಟಿಯರಿಂಗ್ ಮುಟ್ಟಲಾಗದಷ್ಟು ಸುಡುವ ಒಂದು ಸಂಜೆ, ದಿವಾಕರ ಒಬ್ಬನೇ ನಮ್ಮ ಮನೆಗೆ ಬಂದ. ಚಹ ಕುಡಿದು, ಅದೂ ಇದೂ ಮಾತಾಡಿ, ನೆಲ ನೋಡುತ್ತ, "ಸದಣ್ಣ, ನಿಮ್ಮ ಕಷಾಯ ಒಂದು ಬಾಟಲಿ ಸಿಗಬಹುದಾ?" ಎಂದು ಕೇಳಿದ.

ನನಗಾದ ಸಂತೋಷವನ್ನು ಏನೆಂದು ಹೇಳಲಿ? ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಡಬ್ಬಿ ಎಷ್ಟಾದರೂ ಡಬ್ಬಿಯೇ, ಅದರಲ್ಲಿ ಜೀವ ಇರುವುದಿಲ್ಲ, ಒಂದಲ್ಲ ಒಂದು ದಿನ ನಿಮಗೆಲ್ಲ ಬೇಸರ ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಶುರುಮಾಡಿ ನೊರೆಯವರೆಗೆ ಬಂದಿದ್ದೆ. ದಿವಾಕರ ತಲೆಯೆತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಾರಿಜ ಮಾತ್ರ ನನಗೆ ಸುಮ್ಮನಿರುವಂತೆ ಕಣ್ಸನ್ನೆ ಮಾಡಿದಳು.

"ಕುಡಿಲಿಕ್ಕೆ ಅಲ್ಲ ಸದಣ್ಣ" ಎಂದ ಅವನು. "ಅಪ್ಪನಿಗೆ ಬಡಿಸ್ಲಿಕ್ಕೆ. ಊರಲ್ಲಿ ಅಣ್ಣ ಬಡಿಸ್ತಾನೆ. ನನಗೂ ಇಲ್ಲಿ ಒಂದು ಎಲೆ ಹಾಕಬೇಕು ಅಂತ ಉಂಟು. ಮುಖ ನೋಡ್ಲಿಕ್ಕಂತೂ ಆಗಲಿಲ್ಲ. ಕಳ್ಳು ಇಲ್ಲಿ ಮಾಫಿ, ಸಿಗುದೇ ಇಲ್ಲ. ಡಬ್ಬಿ ಇಡುವಾಂದ್ರೆ ಅವ್ರು ಮುಟ್ಟುದಿಲ್ಲ, ನಿಮಗೆ ಗೊತ್ತುಂಟಲ್ಲ."

ನಮ್ಮ ತುಳುವರಲ್ಲಿ ಆಟಿಯ ಅಮಾವಾಸ್ಯೆಗೆ ಹಿರಿಯರಿಗೆ ಬಡಿಸುವುದೊಂದು ಕ್ರಮ. ತೀರಿಹೋದವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಕುಡಿಯುತ್ತಿದ್ದರೆ ಅದನ್ನೂ ಇಟ್ಟು, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ಸದ್ದಿಲ್ಲದೆ ಕೂರಬೇಕು. ಅವರು ಉಂಡೆದ್ದ ಮೇಲೆ ಬಾಗಿಲು ತೆರೆದು ಉಳಿದದ್ದನ್ನು ಎಲ್ಲರೂ ಹಂಚಿಕೊಳ್ಳಬೇಕು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನನ್ನ ಹತ್ತಿರ ಒಂದು ಹನಿಯೂ ಇರಲಿಲ್ಲ, ಡ್ರಮ್ಮಿನಲ್ಲಿ ಅಕ್ಕಿ ಇತ್ತು, ಅಮಾವಾಸ್ಯೆಗೆ ವಾರ ಮಾತ್ರ ಉಳಿದಿತ್ತು. "ಸಿಗ್ತದೆ" ಎಂದೆ.

ಅವನು ಮೆಟ್ಟಿಲು ಇಳಿಯುವ ಮೊದಲೇ ವಾರಿಜ ಕುಚ್ಚಲಕ್ಕಿಯನ್ನು ಬಕೆಟಿಗೆ, ಪಾತ್ರೆಗಳಿಗೆ, ಕೊನೆಗೆ ದಿಂಬಿನ ಚೀಲಕ್ಕೂ ಸುರಿಯತೊಡಗಿದ್ದಳು. ನಾನು ಕೆಳಗೋಡಿದೆ. ಹಮೀದ್ ಬ್ಯಾರಿಯವರು ಕೇಸು ಎತ್ತಿಕೊಡುತ್ತ, "ಯಲ್ಲಾ, ಬೇಗ ತಕೊಳ್ಳಿ, ಮೈ ಸರಿಯಾಯ್ತು ಅಂತ ಆಯ್ತು" ಎಂದು ನಕ್ಕರು. ಆ ವಾರವೆಲ್ಲ ಡ್ರಮ್ಮಿನ ಮೇಲೆ ಕಿವಿಯಿಟ್ಟು ಕೂತೆ. ಒಳಗೆ ಗುಳುಗುಳು ಕೇಳದಿದ್ದರೆ ಆಫೀಸಿನಲ್ಲಿ ಕೆಲಸ ಓಡುತ್ತಿರಲಿಲ್ಲ. ಇಷ್ಟು ವರ್ಷ ಮಾಡಿದ ಕಷಾಯದಲ್ಲಿ ಇಷ್ಟು ಹೆದರಿ ಮಾಡಿದ್ದು ಇದೊಂದೇ. ಉಳಿದ ಗಿರಾಕಿಗಳಿಗೆ ಕೆಟ್ಟರೆ ಮುಂದಿನ ಶುಕ್ರವಾರ ಇತ್ತು, ಈ ಗಿರಾಕಿಗೆ ಇರಲಿಲ್ಲ.

ಅಮಾವಾಸ್ಯೆಯ ಸಂಜೆ ದಿವಾಕರನ ಮನೆಯ ಒಳಕೋಣೆಯಲ್ಲಿ ದೀಪ ಹಚ್ಚಿ ಎಲೆ ಹಾಕಿದರು. ಕೋಳಿ ಸಾರು, ರೊಟ್ಟಿ, ಒಣಮೀನಿನ ಚಟ್ನಿ, ವೀಳ್ಯ. ಬಾಬಣ್ಣ ಕುಡಿಯುತ್ತಿದ್ದ ಅದೇ ಸ್ಟೀಲಿನ ಲೋಟಕ್ಕೆ ನಾನೇ ಅಂಚಿನವರೆಗೆ ಹೊಯ್ದೆ. ನೊರೆ ಚೆನ್ನಾಗಿ ಎದ್ದು ನಿಂತಿತು. ದೀಪ ಆರಬಾರದೆಂದು ಏಸಿ ನಿಲ್ಲಿಸಿ, ಬಾಗಿಲು ಹಾಕಿ, ಎಲ್ಲರೂ ಹಾಲಿನ ನೆಲದ ಮೇಲೆ ಕೂತೆವು. ಗ್ಯಾಸ್ಟ್ರಿಕ್ಕಿನವರೆಲ್ಲ ಇದ್ದರು. ದಿವಾಕರ ಆ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

ಬಾಗಿಲು ತೆರೆದಾಗ ಮೊದಲು ಒಳಗೆ ಹೋದವನು ಅವನು. ಲೋಟದ ಮುಂದೆ ಕುಕ್ಕರಗಾಲಿನಲ್ಲಿ ಕೂತು ತುಂಬ ಹೊತ್ತು ನೋಡಿದ. ಅಂಚಿನವರೆಗಿದ್ದ ಕಷಾಯ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. "ಸದಣ್ಣ, ನೋಡಿ" ಎಂದ. "ಅಪ್ಪ ಕುಡಿದಿದ್ದಾರೆ."

ನೊರೆ ಯಾಕೆ ಕೂರುತ್ತದೆ, ಕೂತ ಮೇಲೆ ಲೋಟದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಅವರೂ ನನ್ನ ಉಪನ್ಯಾಸ ಕೇಳಿದವರೇ ತಾನೆ. "ಹೌದು ಮಾರಾಯ" ಎಂದೆ. "ಕುಡಿದಿದ್ದಾರೆ." ದಿವಾಕರ ಊರಿನಿಂದ ಬಂದ ಮೇಲೆ ಮೊದಲ ಸಲ ಎಲ್ಲರೆದುರು ಅತ್ತ.

ಉಳಿದದ್ದನ್ನು ಹಂಚಿಕೊಂಡೆವು. ಆ ದಿನ ಯಾರಿಗೂ ಗ್ಯಾಸ್ಟ್ರಿಕ್ ಇರಲಿಲ್ಲ. ಒಬ್ಬೊಬ್ಬರೂ ಕಣ್ಣಿಗೊತ್ತಿಕೊಂಡು ಒಂದೊಂದು ಗುಟುಕು ಕುಡಿದರು, ಯಾರೂ ಮುಖ ಕಿವುಚಲಿಲ್ಲ. ನಾನೂ ಕುಡಿದೆ. ಬಾಬಣ್ಣ ಹೇಳಿದ್ದು ಸರಿ, ಹೊತ್ತು ತುಂಬ ಮೀರಿದ ಕಳ್ಳಿನ ಹಾಗೆಯೇ ಇತ್ತು. ಊಟ ಮುಗಿದ ಮೇಲೆ ಕಣ್ಣೊರೆಸಿಕೊಂಡ ದಿವಾಕರ ಫ್ರಿಜ್ಜು ತೆರೆದು, "ಸದಣ್ಣ, ಬಾಟಲಿಯಲ್ಲಿ ನಿಮ್ಮದೇ ಇನ್ನೂ ಉಂಟು. ಹಾಕಲಾ, ಇಲ್ಲ ಡಬ್ಬಿಯಾ?" ಎಂದು ಕೇಳಿದ. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಹಿರಿಯರ ಪಾಲಿಗೆ ನಾವು ಕೈಹಾಕಬಾರದು ಎಂದು ಗಂಭೀರವಾಗಿ ಹೇಳಿ, ನಾನು ಡಬ್ಬಿಗೆ ಕೈ ಚಾಚಿದೆ.